ಪೈಥಾನ್ ಕೋಡಿನಲ್ಲಿ ಹೆಸರಿಡುವ ಕ್ರಮ: ವಿಜಯಪುರ ಜಿಲ್ಲೆಯ ದಾಖಲೆಗಳ ನಿದರ್ಶನದೊಂದಿಗೆ

ಪೈಥಾನ್ ಭಾಷೆಯಲ್ಲಿ ಕ್ಲಾಸ್ ಮತ್ತು ಆಬ್ಜೆಕ್ಟ್‌ಗಳನ್ನು ಬಳಸಿ ಪ್ರೋಗ್ರಾಂ ಬರೆಯುವಾಗ ಕ್ಲಾಸ್, ಮೆಥಡ್, ಆಟ್ರಿಬ್ಯೂಟ್, ವೇರಿಯಬಲ್, ಮಾಡ್ಯೂಲ್ ಎಲ್ಲಕ್ಕೂ ಹೆಸರು ಕೊಡಬೇಕಾಗುತ್ತದೆ. ಆ ಹೆಸರುಗಳ ಆಯ್ಕೆಯನ್ನೂ ಬರವಣಿಗೆಯ ರೂಪವನ್ನೂ ನಿರ್ದೇಶಿಸುವ ರೂಢಿಗಳೇ ಹೆಸರಿಡುವ ಕ್ರಮ. ಹೆಸರು ಚೆನ್ನಾಗಿದ್ದರೂ ಕೆಟ್ಟದಾಗಿದ್ದರೂ ಕಂಪ್ಯೂಟರ್ ಒಂದೇ ಫಲಿತಾಂಶ ಕೊಡುತ್ತದೆ. ವ್ಯತ್ಯಾಸ ತಟ್ಟುವುದು ಆರು ತಿಂಗಳ ನಂತರ ಅದೇ ಕೋಡನ್ನು ತೆರೆದು ತಿದ್ದಬೇಕಾದವರಿಗೆ. ಕೋಡ್ ಒಮ್ಮೆ ಬರೆಯುವುದು, ಹಲವು ಸಲ ಓದುವುದು. ಆದ್ದರಿಂದ ಓದಲು ಸುಲಭವಾಗಿರುವುದನ್ನು ಪೈಥಾನ್ ಬಳಗ ಆರಂಭದಿಂದಲೂ ಭಾಷೆಯ ಮುಖ್ಯ ಗುಣವಾಗಿ ಕಂಡಿದೆ.

ಈ ಲೇಖನದ ಉದಾಹರಣೆಗಳು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಬಂದಿವೆ. ಹೆಸರಿಡುವಾಗ ಎದುರಾಗುವ ಕಠಿಣ ಪ್ರಶ್ನೆಗಳೆಲ್ಲ ಈ ತಾಲೂಕುಗಳ ದಾಖಲೆಗಳಲ್ಲಿ ಒಟ್ಟಿಗೇ ಸಿಗುತ್ತವೆ: ಎಕರೆ ಮತ್ತು ಗುಂಟೆ ಎಂಬ ಎರಡು ಮಟ್ಟದ ಅಳತೆ, ಬದಲಾದ ಜಿಲ್ಲೆಯ ಹೆಸರು, ಒಡೆದ ತಾಲೂಕುಗಳು, ಮೂರು ಭಾಗದ ವ್ಯಕ್ತಿನಾಮಗಳು, ಕನ್ನಡ ಲಿಪಿಯ ಸೂಕ್ಷ್ಮಗಳು. ಇಲ್ಲಿ ಬರುವ ಕ್ಲಾಸ್‌ಗಳನ್ನು ವಿವರಣೆಗಾಗಿಯೇ ಕಟ್ಟಲಾಗಿದೆ. ಅವು ಯಾವುದೇ ಕಚೇರಿಯ ತಂತ್ರಾಂಶದ ಭಾಗಗಳಲ್ಲ. ಹೆಸರುಗಳನ್ನು ಕನ್ನಡದಲ್ಲೇ ಕೊಟ್ಟಿದೆ, ಪೈಥಾನ್ 3 ಅವನ್ನು ಹೀಗೆಯೇ ಒಪ್ಪುತ್ತದೆ.

ಹಿನ್ನೆಲೆ

ನೆದರ್ಲೆಂಡ್ಸ್‌ನ ಗೀಡೋ ವಾನ್ ರೋಸಮ್ ಪೈಥಾನಿನ ಮೊದಲ ಆವೃತ್ತಿಯನ್ನು 1991ರ ಫೆಬ್ರುವರಿಯಲ್ಲಿ ಹೊರತಂದರು. ಹತ್ತು ವರ್ಷಗಳ ನಂತರ, 2001ರ ಜುಲೈನಲ್ಲಿ, ಕೋಡಿನ ಬರವಣಿಗೆಯ ಶೈಲಿಯನ್ನು ನಿರೂಪಿಸುವ ಪೆಪ್ 8 ಎಂಬ ದಾಖಲೆ ಸಿದ್ಧವಾಯಿತು. ವಾನ್ ರೋಸಮ್ ಜೊತೆಗೆ ಬ್ಯಾರಿ ವಾರ್ಸಾ ಮತ್ತು ಕಾಗ್ಲನ್ ಅದರ ಕರ್ತೃಗಳು. ಪೈಥಾನಿನ ಜೊತೆಗೆ ಬರುವ ಸ್ಟ್ಯಾಂಡರ್ಡ್ ಲೈಬ್ರರಿಗಾಗಿ ಬರೆದ ಈ ದಾಖಲೆಯನ್ನು ಇಂದು ಅನೇಕ ಕಂಪನಿಗಳೂ ಕಾಲೇಜುಗಳೂ ತಮ್ಮ ನಿಯಮವಾಗಿ ಸ್ವೀಕರಿಸಿವೆ. ಕ್ಲಾಸ್ ಮತ್ತು ಮೆಥಡ್‌ಗಳ ಜೊತೆಗೆ ಬರೆಯುವ ವಿವರಣೆಯ ಸಾಲುಗಳಿಗೆ, ಅಂದರೆ ಡಾಕ್‌ಸ್ಟ್ರಿಂಗ್‌ಗಳಿಗೆ, ಪೆಪ್ 257 ಎಂಬ ಪ್ರತ್ಯೇಕ ದಾಖಲೆ ಇದೆ.

ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಐದನೆಯ ಸೆಮಿಸ್ಟರಿಗೆ ಪೈಥಾನ್ ಒಂದು ಪೂರ್ಣ ವಿಷಯವಾಗಿತ್ತು. ಅಲನ್ ಡೌನಿ ಬರೆದ ‘ಥಿಂಕ್ ಪೈಥಾನ್’ ಅದರ ಪಠ್ಯಗಳಲ್ಲಿ ಒಂದು. ಡೌನಿ ಕ್ಲಾಸ್‌ಗಳನ್ನು ಪರಿಚಯಿಸುವುದು ಬಿಂದು, ಆಯತ, ಸಮಯ, ಇಸ್ಪೀಟು ಎಲೆಗಳ ಮೂಲಕ. ಪಾಠಕ್ಕೆ ಇವು ಒಳ್ಳೆಯ ಉದಾಹರಣೆಗಳೇ, ಏಕೆಂದರೆ ಬಿಂದುವಿನ ಹೆಸರಿನ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಹೆಸರಿಡುವುದು ಕಷ್ಟವಾಗುವುದು ಹೊಲ, ಸಾಲ, ಊರು, ಮನುಷ್ಯರಂಥ ಸಂಗತಿಗಳು ಕೋಡಿನೊಳಗೆ ಬಂದಾಗ.

ಹೆಸರಿನ ರೂಪ

ಪೆಪ್ 8 ಹೇಳುವ ರೂಪಗಳು ಕೆಲವೇ. ಕ್ಲಾಸಿನ ಹೆಸರಿನಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ಪದಗಳ ನಡುವೆ ತೆರವಿಲ್ಲ. ಇದಕ್ಕೆ ಕ್ಯಾಪ್‌ವರ್ಡ್ಸ್ ಎನ್ನುತ್ತಾರೆ. ಫಂಕ್ಷನ್, ಮೆಥಡ್, ವೇರಿಯಬಲ್‌ಗಳು ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್. ಇದು ಸ್ನೇಕ್ ಕೇಸ್. ಬದಲಾಗದ ಮೌಲ್ಯಗಳು ಪೂರ್ತಿ ದೊಡ್ಡಕ್ಷರದಲ್ಲಿ. ಮಾಡ್ಯೂಲ್ ಹೆಸರು ಚಿಕ್ಕದು, ಸಣ್ಣಕ್ಷರದ್ದು. ತಪ್ಪನ್ನು ಸೂಚಿಸುವ ಎಕ್ಸೆಪ್ಶನ್ ಕ್ಲಾಸ್‌ಗಳ ಹೆಸರು ‘ಎರರ್’ ಎಂದು ಮುಗಿಯುತ್ತದೆ. ಮೆಥಡ್‌ನ ಮೊದಲ ಆರ್ಗ್ಯುಮೆಂಟ್ ಸಾಮಾನ್ಯವಾಗಿ ‘ಸೆಲ್ಫ್’. ಓದುಗನ ಕಣ್ಣು ಹೆಸರಿನ ಆಕಾರದಿಂದಲೇ ಅದು ಕ್ಲಾಸೋ, ಮೆಥಡ್ಡೋ, ಸ್ಥಿರ ಮೌಲ್ಯವೋ ಎಂದು ಗುರುತಿಸುತ್ತದೆ. ಅರ್ಥ ತಿಳಿಯುವ ಮೊದಲೇ ಜಾತಿ ತಿಳಿಯುತ್ತದೆ.

ಅಂಡರ್‌ಸ್ಕೋರ್ ಎಲ್ಲಿದೆ ಎಂಬುದೂ ಮುಖ್ಯ. ಹೆಸರಿನ ಮುಂದೆ ಒಂದಿದ್ದರೆ ಅದು ಕ್ಲಾಸಿನ ಒಳಬಳಕೆಯದು, ಹೊರಗಿನವರು ಮುಟ್ಟಬಾರದು ಎಂಬ ವಿನಂತಿ. ಅದು ವಿನಂತಿಯಷ್ಟೇ, ಭಾಷೆ ಯಾರನ್ನೂ ತಡೆಯುವುದಿಲ್ಲ. ಮುಂದೆ ಎರಡಿದ್ದರೆ ಪೈಥಾನ್ ಆ ಹೆಸರಿಗೆ ಕ್ಲಾಸಿನ ಹೆಸರನ್ನು ಅಂಟಿಸಿ ಬದಲಿಸುತ್ತದೆ. ಉಪಕ್ಲಾಸಿನಲ್ಲಿ ಯಾರೋ ಅದೇ ಹೆಸರು ಬಳಸಿದರೆ ಎರಡೂ ಡಿಕ್ಕಿಯಾಗದಿರಲಿ ಎಂಬುದೇ ಇದರ ಉದ್ದೇಶ. ಇದನ್ನು ಗುಟ್ಟು ಕಾಯುವ ಉಪಾಯವೆಂದು ತಿಳಿದು ಎಲ್ಲ ಆಟ್ರಿಬ್ಯೂಟ್‌ಗಳಿಗೂ ಎರಡು ಗೆರೆ ಎಳೆಯುವ ಅಭ್ಯಾಸ ಜಾವಾ ಕಲಿತು ಬಂದವರಲ್ಲಿ ಹೆಚ್ಚು. ಅದರಿಂದ ಕೋಡ್ ಓದಲೂ ಪರೀಕ್ಷಿಸಲೂ ಕಷ್ಟವಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಹಿಂದೆ ಮುಂದೆ ಎರಡೆರಡು ಗೆರೆಗಳಿರುವ ಹೆಸರುಗಳು ಭಾಷೆಗೇ ಮೀಸಲು. ಕೊನೆಯಲ್ಲಿ ಒಂದು ಗೆರೆ ಬಂದರೆ ಭಾಷೆಯ ಕಾದಿರಿಸಿದ ಪದದೊಂದಿಗೆ ಘರ್ಷಣೆ ತಪ್ಪಿಸಲು ಹಾಕಿದ್ದು.

ಸ್ಟ್ಯಾಂಡರ್ಡ್ ಲೈಬ್ರರಿಯೇ ಈ ನಿಯಮವನ್ನು ಎಲ್ಲೆಡೆ ಪಾಲಿಸಿಲ್ಲ. ಯೂನಿಟ್‌ಟೆಸ್ಟ್ ಮತ್ತು ಲಾಗಿಂಗ್ ಮಾಡ್ಯೂಲ್‌ಗಳು ಜಾವಾ ಮಾದರಿಯಿಂದ ಬಂದ ಕಾರಣ ಅವುಗಳ ಮೆಥಡ್‌ಗಳಲ್ಲಿ ಇಂದಿಗೂ ನಡುವೆ ದೊಡ್ಡಕ್ಷರಗಳಿವೆ. ಅವನ್ನು ಬಳಸುವವರು ಅದೇ ರೂಪದಲ್ಲಿ ಮುಂದುವರಿಯುವುದೇ ಸರಿ. ಒಂದು ಪ್ರಾಜೆಕ್ಟಿನೊಳಗಿನ ಏಕರೂಪತೆ ಹೊರಗಿನ ನಿಯಮಕ್ಕಿಂತ ದೊಡ್ಡದೆಂದು ಪೆಪ್ 8 ತಾನೇ ಹೇಳುತ್ತದೆ.

ಉತಾರ ಎಂಬ ಕ್ಲಾಸ್

ಕರ್ನಾಟಕದ ಭೂ ದಾಖಲೆಗಳು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಬಂದವು. ಹಳೆ ಮೈಸೂರು ಕಡೆ ಪಹಣಿ ಎನ್ನುವ ಆರ್‌ಟಿಸಿಗೆ ವಿಜಯಪುರ ಸೀಮೆಯಲ್ಲಿ ಉತಾರ ಎನ್ನುತ್ತಾರೆ. ಅದರ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ, 11ನೇ ಕಾಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಬೆಳೆಸಾಲ ತೆಗೆದರೆ ಅದು 11ರಲ್ಲಿ ಸೇರುತ್ತದೆ. “ಹನ್ನೊಂದನೇ ಕಾಲಂದಾಗ ಬೋಜಾ ಐತಿ” ಎಂದರೆ ಇಂಡಿಯ ರೈತನಿಗೂ ತಲಾಠಿ ಕಚೇರಿಯ ಸಿಬ್ಬಂದಿಗೂ ಬೇರೆ ವಿವರಣೆ ಬೇಡ.

ಇದನ್ನು ಕ್ಲಾಸ್ ಮಾಡುವಾಗ ಮೊದಲು ಹೊಳೆಯುವ ಹೆಸರುಗಳು ‘ಕಾಲಂ_9’, ‘ಕಾಲಂ_11’. ಕಾಗದವನ್ನು ಮುಂದಿಟ್ಟುಕೊಂಡು ಬರೆಯುವವರಿಗೆ ಇವು ಸಹಜವೆನಿಸುತ್ತವೆ. ಆದರೆ ಕೋಡನ್ನು ಮುಂದೆ ತಿದ್ದುವವರ ಮುಂದೆ ಆ ಕಾಗದ ಇರುವುದಿಲ್ಲ. ನಮೂನೆ ಬದಲಾಗಿ ಕಾಲಂಗಳ ಕ್ರಮ ಸರಿದರೆ ಹೆಸರೇ ಸುಳ್ಳಾಗುತ್ತದೆ. ‘ಸ್ವಾಧೀನದಾರರು’, ‘ಬೋಜಾಗಳು’ ಎಂಬ ಹೆಸರುಗಳು ನಮೂನೆ ಬದಲಾದರೂ ನಿಲ್ಲುತ್ತವೆ. ಕಾಲಂ ಸಂಖ್ಯೆ ಅನುಪಯುಕ್ತವೇನಲ್ಲ. ಅದರ ಜಾಗ ಡಾಕ್‌ಸ್ಟ್ರಿಂಗ್. ಹೆಸರು ಅರ್ಥವನ್ನು ಹೇಳಲಿ, ಅದು ಕಾಗದದಲ್ಲಿ ಎಲ್ಲಿದೆ ಎಂಬುದನ್ನು ವಿವರಣೆಯ ಸಾಲು ಹೇಳಲಿ.

ಬೋಜಾ ಎಂಬ ಪದವನ್ನೇ ಉಳಿಸಿಕೊಳ್ಳುವುದು ಏಕೆ? ಕೆಲಸ ಮಾಡುವವರು ದಿನವೂ ಆಡುವ ಮಾತನ್ನು ಕೋಡಿಗೆ ತಂದರೆ ಪ್ರೋಗ್ರಾಂ ಬರೆಯುವವನೂ ಕಚೇರಿಯವರೂ ಒಂದೇ ಸಂಗತಿಯ ಬಗ್ಗೆ ಮಾತಾಡುತ್ತಿದ್ದಾರೆಂಬ ಖಾತ್ರಿ ಇರುತ್ತದೆ. ಜಮೀನಿನ ಬಗೆಗಳಾದ ಖುಷ್ಕಿ, ತರಿ, ಬಾಗಾಯ್ತು; ಮಣ್ಣಿನ ಬಗೆಗಳಾದ ಎರಿ, ಮಸಾರಿ; ಸರ್ವೆ ನಂಬರಿನ ಕೆಳಗಿನ ಹಿಸ್ಸಾ: ಇವಕ್ಕೆ ಇಂಗ್ಲಿಷಿನಲ್ಲಿ ಸಮೀಪದ ಪದಗಳಿವೆ, ಆದರೆ ಕಂದಾಯದ ಅರ್ಥ ಆ ಪದಗಳಲ್ಲಿ ಸಡಿಲವಾಗುತ್ತದೆ. ಖುಷ್ಕಿಯನ್ನು ಒಬ್ಬ ‘ಒಣ’ ಎಂದೂ ಇನ್ನೊಬ್ಬ ‘ಮಳೆಯಾಶ್ರಿತ’ ಎಂದೂ ಅನುವಾದಿಸಿಕೊಂಡರೆ ಒಂದೇ ಪ್ರಾಜೆಕ್ಟಿನಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು ಬೀಳುತ್ತವೆ. ಇಂಥ ನಿಶ್ಚಿತ ಬಗೆಗಳನ್ನು ಪೈಥಾನ್ 3.4ರಿಂದ ಲಭ್ಯವಿರುವ ಎನಂ ಕ್ಲಾಸಿನಲ್ಲಿ ಒಂದೇ ಕಡೆ ಇಟ್ಟರೆ ಕಾಗುಣಿತದ ಗೊಂದಲವೂ ತಪ್ಪುತ್ತದೆ.

ಕ್ಲಾಸಿನ ಹೆಸರು ನಾಮಪದವಾಗಿರಬೇಕು, ಏಕವಚನದಲ್ಲಿರಬೇಕು. ಮೆಥಡ್ ಹೆಸರು ಕ್ರಿಯಾಪದವಾಗಿರಬೇಕು. ಇಲ್ಲಿ ಕನ್ನಡಕ್ಕೆ ಒಂದು ಸಹಜ ಅನುಕೂಲವಿದೆ. ಪೈಥಾನಿನಲ್ಲಿ ಮೊದಲು ಆಬ್ಜೆಕ್ಟ್, ನಂತರ ಚುಕ್ಕೆ, ನಂತರ ಕ್ರಿಯೆ ಬರುತ್ತದೆ. ‘ಉತಾರ.ಬೋಜಾ_ತೆಗೆ’ ಎಂದು ಬರೆದರೆ ಅದು ಕನ್ನಡ ವಾಕ್ಯದ ಕ್ರಮದಲ್ಲೇ ಓದಿಸಿಕೊಳ್ಳುತ್ತದೆ, ಏಕೆಂದರೆ ನಮ್ಮ ಮಾತಿನಲ್ಲೂ ಕ್ರಿಯೆ ಕೊನೆಗೇ ಬರುತ್ತದೆ. ಇದರಿಂದ ಇನ್ನೊಂದು ಪರಿಣಾಮವೂ ಇದೆ: ಎಡಿಟರ್ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ತೋರಿಸುವಾಗ ಇಂಗ್ಲಿಷ್ ಮೆಥಡ್‌ಗಳು ಕ್ರಿಯೆಯ ಪ್ರಕಾರ ಗುಂಪಾದರೆ, ಕನ್ನಡದವು ವಿಷಯದ ಪ್ರಕಾರ ಗುಂಪಾಗುತ್ತವೆ. ‘ಬೋಜಾ_ಇದೆಯೇ’, ‘ಬೋಜಾ_ತೆಗೆ’, ‘ಬೋಜಾ_ಸೇರಿಸು’ ಒಟ್ಟಿಗೆ ಕಾಣುತ್ತವೆ.

ಹೌದು ಅಥವಾ ಇಲ್ಲ ಎಂಬ ಮೌಲ್ಯಕ್ಕೆ ಪ್ರಶ್ನೆಯ ರೂಪದ ಹೆಸರು ಒಳ್ಳೆಯದು, ಅದೂ ನಿಷೇಧವಿಲ್ಲದ ಪ್ರಶ್ನೆ. ‘ಬೋಜಾ_ಇಲ್ಲವೇ’ ಎಂಬ ಹೆಸರಿಗೆ ಕೋಡಿನಲ್ಲಿ ಮತ್ತೊಂದು ‘ನಾಟ್’ ಸೇರಿದರೆ ಓದುವವರು ಎರಡು ಇಲ್ಲಗಳನ್ನು ಕಳೆದು ಅರ್ಥ ಹುಡುಕಬೇಕು. ಲಿಸ್ಟುಗಳ ವಿಷಯದಲ್ಲಿ ಕನ್ನಡಿಗರು ಸ್ವಲ್ಪ ಜಾಗ್ರತೆ ವಹಿಸಬೇಕು. ಮಾತಿನಲ್ಲಿ ‘ಮೂರು ಹೊಲ’, ‘ಹತ್ತು ಎಮ್ಮಿ’ ಎನ್ನುತ್ತೇವೆ, ಬಹುವಚನದ ಪ್ರತ್ಯಯ ಬೇಕೆನಿಸುವುದಿಲ್ಲ. ಕೋಡಿನಲ್ಲಿ ಲಿಸ್ಟಿಗೆ ‘ಹೊಲಗಳು’, ಒಂದಕ್ಕೆ ‘ಹೊಲ’ ಎಂದು ಬೇರ್ಪಡಿಸದಿದ್ದರೆ ಲೂಪಿನೊಳಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ‘ಡೇಟಾ’, ‘ಮಾಹಿತಿ’, ‘ಮ್ಯಾನೇಜರ್’, ‘ಪ್ರೊಸೆಸ್’ ಎಂಬಂಥ ಹೆಸರುಗಳು ಯಾವ ಕ್ಲಾಸಿಗೂ ಒಪ್ಪುತ್ತವೆ. ಅದೇ ಅವುಗಳ ದೋಷ.

ಪ್ರಾಪರ್ಟಿ ಎಂಬ ಸೌಲಭ್ಯದಿಂದ ಲೆಕ್ಕ ಹಾಕಿ ಕೊಡುವ ಮೌಲ್ಯವನ್ನೂ ಆವರಣ ಚಿಹ್ನೆ ಇಲ್ಲದೆ ಆಟ್ರಿಬ್ಯೂಟ್‌ನಂತೆ ಓದಬಹುದು. ಅಂಥದ್ದಕ್ಕೆ ನಾಮಪದ ಸಾಕು: ‘ಹೊಲ.ವಿಸ್ತೀರ್ಣ’. ಆದರೆ ಅದರ ಹಿಂದೆ ಸರ್ವರಿಗೆ ಹೋಗಿ ಬರುವ ಕೆಲಸವಿದ್ದರೆ ನಾಮಪದ ಓದುಗನನ್ನು ದಾರಿ ತಪ್ಪಿಸುತ್ತದೆ. ಆಗ ‘ವಿಸ್ತೀರ್ಣ_ತರಿಸು’ ಎಂಬ ಮೆಥಡ್ಡೇ ಸರಿ.

ಅಳತೆಯನ್ನು ಹೆಸರಿನಲ್ಲಿ ಹೇಳುವುದು

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲದ ಜಾಗ, 1,089 ಚದರಡಿ. ಮೂರು ಎಕರೆ ಇಪ್ಪತ್ತು ಗುಂಟೆಯನ್ನು ಜನ 3-20 ಎಂದು ಬರೆಯುತ್ತಾರೆ. ಇದನ್ನೇ ಒಬ್ಬರು 3.20 ಎಂದು ದಶಮಾಂಶವಾಗಿ ‘ವಿಸ್ತೀರ್ಣ’ ಎಂಬ ವೇರಿಯಬಲ್‌ಗೆ ತುಂಬಿದರೆಂದು ಇಟ್ಟುಕೊಳ್ಳಿ. ಪಕ್ಕದ ಹಿಸ್ಸಾ 2-30. ಪೈಥಾನ್ 3.20ಕ್ಕೆ 2.30 ಕೂಡಿಸಿ 5.5 ಎನ್ನುತ್ತದೆ. ಒಬ್ಬರು ಅದನ್ನು ಐದೂವರೆ ಎಕರೆ ಎಂದು ಓದುತ್ತಾರೆ, ಇನ್ನೊಬ್ಬರು ಐದು ಎಕರೆ ಐದು ಗುಂಟೆ ಎಂದು. ನಿಜವಾದ ಉತ್ತರ ಎರಡೂ ಅಲ್ಲ: 140 ಗುಂಟೆಗೆ 110 ಗುಂಟೆ ಸೇರಿ 250 ಗುಂಟೆ, ಅಂದರೆ ಆರು ಎಕರೆ ಹತ್ತು ಗುಂಟೆ. ಐದೂವರೆ ಎಂದು ಓದಿದವರ ಲೆಕ್ಕದಲ್ಲಿ 30 ಗುಂಟೆ ಜಮೀನು ಕಾಣೆಯಾಗಿದೆ. ಪ್ರೋಗ್ರಾಂ ಎಲ್ಲೂ ನಿಂತಿಲ್ಲ, ಯಾವ ತಪ್ಪನ್ನೂ ಸೂಚಿಸಿಲ್ಲ. ಸಾಲದ್ದಕ್ಕೆ 3.20 ಪರದೆಯ ಮೇಲೆ 3.2 ಎಂದು ಮೂಡುತ್ತದೆ. ಅದನ್ನು ಮೂರು ಎಕರೆ ಎರಡು ಗುಂಟೆ ಎಂದು ಓದಲು ಯಾರಿಗೂ ಅಡ್ಡಿಯಿಲ್ಲ.

ಮೂಲದೋಷ ‘ವಿಸ್ತೀರ್ಣ’ ಎಂಬ ಹೆಸರಿನಲ್ಲಿದೆ, ಅದು ಯಾವ ಅಳತೆ ಎಂದು ಹೇಳುವುದಿಲ್ಲ. ‘ಒಟ್ಟು_ಗುಂಟೆ’ ಎಂಬ ಹೆಸರಿದ್ದಲ್ಲಿ 3.20 ತುಂಬಲು ಕೈ ಹಿಂಜರಿಯುತ್ತದೆ. ಇನ್ನೂ ಉತ್ತಮವಾದ ಕ್ರಮವೆಂದರೆ ‘ವಿಸ್ತೀರ್ಣ’ವನ್ನೇ ಒಂದು ಕ್ಲಾಸ್ ಮಾಡಿ, ಅದರಲ್ಲಿ ‘ಎಕರೆ’, ‘ಗುಂಟೆ’ ಎಂಬ ಎರಡು ಆಟ್ರಿಬ್ಯೂಟ್, ‘ಒಟ್ಟು_ಗುಂಟೆ’ ಎಂಬ ಪ್ರಾಪರ್ಟಿ ಇಟ್ಟು, ಕೂಡಿಸುವ ವಿಧಾನವನ್ನು ಅಲ್ಲೇ ಬರೆಯುವುದು. ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್ ಬಳಸಿದರೆ ಇದು ಹತ್ತಿಪ್ಪತ್ತು ಸಾಲಿನ ಕೆಲಸ. ಕೋಡಿನ ನಡುವೆ 40 ಎಂಬ ಬರಿಯ ಸಂಖ್ಯೆ ಅಲ್ಲಲ್ಲಿ ಬರುವ ಬದಲು ‘ಎಕರೆಗೆ_ಗುಂಟೆ’ ಎಂಬ ಸ್ಥಿರ ಮೌಲ್ಯ ಒಂದೇ ಕಡೆ ಇರುತ್ತದೆ.

ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದ ಲೆಕ್ಕದಲ್ಲೂ ಇದೇ ಪ್ರಶ್ನೆ. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಈ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 123 ಟಿಎಂಸಿ. ಒಳಹರಿವು, ಹೊರಹರಿವುಗಳನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ. ‘ಮಟ್ಟ’ ಎಂಬ ವೇರಿಯಬಲ್‌ನಲ್ಲಿ ಮೀಟರ್ ಇದೆಯೋ, ಟಿಎಂಸಿಯೋ, ಶೇಕಡಾವಾರೋ? ‘ಮಟ್ಟ_ಮೀಟರ್’, ‘ಸಂಗ್ರಹ_ಟಿಎಂಸಿ’, ‘ಒಳಹರಿವು_ಕ್ಯೂಸೆಕ್’ ಎಂದು ಬರೆದರೆ ಪ್ರಶ್ನೆಯೇ ಹುಟ್ಟದು. ಇಡೀ ದಿನ 11,574 ಕ್ಯೂಸೆಕ್ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ ಆಗುತ್ತದೆ. ಹರಿವನ್ನೂ ಸಂಗ್ರಹವನ್ನೂ ನೇರವಾಗಿ ಕೂಡಿಸುವ ಸಾಲು ಬಂದರೆ ಇಂಥ ಹೆಸರುಗಳಿರುವಾಗ ತಪ್ಪು ಕಣ್ಣಿಗೆ ಬೀಳುತ್ತದೆ. ಅಳತೆ ಬೆರೆತರೆ ಆಗುವ ಹಾನಿ ಸಣ್ಣದಲ್ಲ: 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದು ಎರಡು ತಂತ್ರಾಂಶಗಳ ಪೈಕಿ ಒಂದು ಪೌಂಡ್ ಆಧಾರಿತ ಅಳತೆಯಲ್ಲೂ ಇನ್ನೊಂದು ಮೆಟ್ರಿಕ್ ಅಳತೆಯಲ್ಲೂ ಲೆಕ್ಕ ಮಾಡಿದ್ದರಿಂದ.

ಊರಿನ ಹೆಸರು ಮತ್ತು ಕಾಲ

2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಹೆಸರು ಅಂದು ಬದಲಾದವು. ಛತ್ತೀಸ್‌ಗಢದಲ್ಲಿ ಬಿಜಾಪುರ ಎಂಬ ಜಿಲ್ಲೆ ಈಗಲೂ ಇದೆ. ಬೆಂಗಳೂರಿನ ಸಮೀಪದ ದೇವನಹಳ್ಳಿ ತಾಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣವೂ ಇದೆ. ಹೀಗಾಗಿ ಹಳೆಯ ಹೆಸರಿನಿಂದಾಗಲಿ ಹೊಸ ಹೆಸರಿನಿಂದಾಗಲಿ ಜಿಲ್ಲೆಯನ್ನು ಗುರುತಿಸುವ ಕೋಡ್ ಎಂದಾದರೊಂದು ದಿನ ಬೇರೆ ಊರಿನ ಮಾಹಿತಿಯನ್ನು ಹೆಕ್ಕುತ್ತದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಜಿಲ್ಲೆಗೂ ತಾಲೂಕಿಗೂ ಗ್ರಾಮಕ್ಕೂ ಸಂಖ್ಯೆ ಕೊಟ್ಟಿರುವುದು ಇದಕ್ಕೇ. ‘ತಾಲೂಕು’ ಕ್ಲಾಸಿನಲ್ಲಿ ‘ಸಂಕೇತ’ ಎಂಬುದು ಗುರುತು, ‘ಹೆಸರು’ ಎಂಬುದು ತೋರಿಸಲು. ಎರಡನ್ನೂ ಬೆರೆಸಬಾರದು.

ತಾಲೂಕು ಒಡೆಯುವುದು ಹೆಸರು ಬದಲಾಗುವುದಕ್ಕಿಂತ ತೊಡಕಿನದು. ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಉಳಿದ ಬಿಜಾಪುರ ಜಿಲ್ಲೆಯಲ್ಲಿ ಐದು ತಾಲೂಕುಗಳಿದ್ದವು: ವಿಜಯಪುರ ಮತ್ತು ಈ ಲೇಖನದ ನಾಲ್ಕು. 2017-18ರ ಹೊಸ ತಾಲೂಕುಗಳ ರಚನೆಯಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಈಗ 2011ರ ಜನಗಣತಿಯ ‘ಮುದ್ದೇಬಿಹಾಳ’ದಲ್ಲಿ ತಾಳಿಕೋಟೆ ಇದೆ, ಇಂದಿನದರಲ್ಲಿ ಇಲ್ಲ. ಹೆಸರು ಒಂದೇ, ನೆಲ ಬೇರೆ. ಎರಡನ್ನೂ ಹೋಲಿಸಿ ಜನಸಂಖ್ಯೆ ಕುಸಿದಿದೆ ಎಂದು ವರದಿ ಕೊಡುವ ಪ್ರೋಗ್ರಾಂ ಬರೆಯುವುದು ಬಹಳ ಸುಲಭ. ‘ಮುದ್ದೇಬಿಹಾಳ_2011’ ಎಂದು ವರ್ಷವನ್ನು ಹೆಸರಿಗೆ ಸೇರಿಸುವುದು ಸಣ್ಣ ಕೆಲಸಕ್ಕೆ ಸಾಕು. ದೊಡ್ಡದರಲ್ಲಿ ‘ತಾಲೂಕು’ ಕ್ಲಾಸಿಗೇ ‘ಜಾರಿ_ದಿನಾಂಕ’ ಎಂಬ ಆಟ್ರಿಬ್ಯೂಟ್ ಬೇಕು.

ವ್ಯಕ್ತಿಯ ಹೆಸರು

ಪುಸ್ತಕಗಳಲ್ಲಿ ‘ವ್ಯಕ್ತಿ’ ಕ್ಲಾಸಿಗೆ ‘ಮೊದಲ_ಹೆಸರು’, ‘ಕೊನೆಯ_ಹೆಸರು’ ಎಂಬ ಆಟ್ರಿಬ್ಯೂಟ್‌ಗಳಿರುತ್ತವೆ. ನಮ್ಮ ಹೆಸರುಗಳು ಈ ಅಚ್ಚಿಗೆ ಹೊಂದುವುದಿಲ್ಲ. ವಚನ ಸಾಹಿತ್ಯವನ್ನು ಸಂಗ್ರಹಿಸಿ ಪ್ರಕಟಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರಿನಲ್ಲಿ ಮೊದಲು ಸ್ವಂತ ಹೆಸರು, ನಂತರ ತಂದೆಯದು, ಕೊನೆಗೆ ಅಡ್ಡಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿನಲ್ಲಿ ಮೊದಲು ಊರು, ನಂತರ ತಂದೆ, ಕೊನೆಗೆ ಸ್ವಂತ ಹೆಸರು. ಹಿಂದೆ ಮುಂಬಯಿ ಕರ್ನಾಟಕ ಎನ್ನುತ್ತಿದ್ದ ಕಿತ್ತೂರು ಕರ್ನಾಟಕದ ಕ್ರಮ ಒಂದು, ಮಲೆನಾಡಿನದು ಇನ್ನೊಂದು. ‘ಮೊದಲ_ಹೆಸರು’ ಎಂದು ಕೇಳಿದರೆ ಒಂದು ಕಡೆ ಮನುಷ್ಯ ಸಿಗುತ್ತಾನೆ, ಇನ್ನೊಂದು ಕಡೆ ಊರು. ಸ್ಥಾನವನ್ನು ಹೇಳುವ ಹೆಸರಿನ ಬದಲು ಪಾತ್ರವನ್ನು ಹೇಳುವ ‘ಸ್ವಂತ_ಹೆಸರು’, ‘ತಂದೆಯ_ಹೆಸರು’, ‘ಅಡ್ಡಹೆಸರು’, ‘ಪೂರ್ಣ_ಹೆಸರು’ ಎಲ್ಲೆಡೆಗೂ ಒಪ್ಪುತ್ತವೆ. ಇನ್‌ಶಿಯಲ್‌ಗಳನ್ನಂತೂ ಗುರುತಾಗಿ ನಂಬುವಂತಿಲ್ಲ. ಸಾಹಿತ್ಯ ಚರಿತ್ರೆಯಲ್ಲಿ ಫ.ಗು. ಹಳಕಟ್ಟಿ ಎಂದಿರುವವರೇ ವಿಜಯಪುರದ ಎಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲಿ ಪಿ.ಜಿ. ಹಳಕಟ್ಟಿ.

ಕನ್ನಡ ಲಿಪಿಯ ಹೆಸರುಗಳು

ಪೈಥಾನ್ 2ರಲ್ಲಿ ಹೆಸರುಗಳಿಗೆ ಆಸ್ಕಿ ಅಕ್ಷರಗಳಷ್ಟೇ ಸಲ್ಲುತ್ತಿದ್ದವು. ಮಾರ್ಟಿನ್ ಫಾನ್ ಲೋವಿಸ್ 2007ರಲ್ಲಿ ಬರೆದ ಪೆಪ್ 3131 ಒಪ್ಪಿಗೆಯಾಗಿ, 2008ರ ಡಿಸೆಂಬರ್ 3ರಂದು ಬಂದ ಪೈಥಾನ್ 3.0ದಿಂದ ಯೂನಿಕೋಡ್‌ನ ಎಲ್ಲ ಲಿಪಿಗಳಿಗೂ ಅವಕಾಶ ಸಿಕ್ಕಿತು. ಆದರೆ ಇದು ಹೆಸರುಗಳಿಗೆ ಮಾತ್ರ. ಭಾಷೆಯ ಕಾದಿರಿಸಿದ ಪದಗಳು ಇಂಗ್ಲಿಷಿನವೇ. ಮಕ್ಕಳಿಗಾಗಿ ಯು.ಬಿ. ಪವನಜ ರೂಪಿಸಿದ ಕನ್ನಡ ಲೋಗೋದಲ್ಲಿ ಆದೇಶಗಳೇ ಕನ್ನಡದಲ್ಲಿದ್ದವು, ಪೈಥಾನ್ ಅಷ್ಟು ದೂರ ಹೋಗಿಲ್ಲ.

ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರಗಳಿಲ್ಲ. ಪೆಪ್ 8ರ ಅರ್ಧ ವ್ಯವಸ್ಥೆ ಆ ಭೇದದ ಮೇಲೇ ನಿಂತಿದೆ. ಒಂದು ಕನ್ನಡ ಹೆಸರು ದೊಡ್ಡಕ್ಷರದಲ್ಲಿದೆಯೇ ಎಂದು ಪೈಥಾನನ್ನು ಕೇಳಿದರೂ, ಸಣ್ಣಕ್ಷರದಲ್ಲಿದೆಯೇ ಎಂದು ಕೇಳಿದರೂ ಇಲ್ಲವೆಂದೇ ಉತ್ತರ. ಹೆಸರಿನ ಜಾತಿಯನ್ನು ಬೇರೆ ರೀತಿಯಲ್ಲಿ ಸೂಚಿಸಬೇಕಾಗುತ್ತದೆ: ಕ್ಲಾಸಿಗೆ ಅಂಡರ್‌ಸ್ಕೋರ್ ಇಲ್ಲದ ಏಕವಚನದ ನಾಮಪದ, ಮೆಥಡ್‌ಗೆ ಕೊನೆಯಲ್ಲಿ ಕ್ರಿಯಾಪದ, ಸ್ಥಿರ ಮೌಲ್ಯಕ್ಕೆ ಪೈಥಾನ್ 3.8ರಲ್ಲಿ ಬಂದ ‘ಫೈನಲ್’ ಎಂಬ ಟೈಪ್ ಸೂಚನೆ. ಕನ್ನಡ ಕ್ರಿಯಾಪದದ ವಿಧಿರೂಪ ಸ್ಪಷ್ಟವಾಗಿರುವುದರಿಂದ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ.

ಲಿಪಿಯ ಒಳಗಿನ ತೊಡಕುಗಳು ಹೆಚ್ಚು ಅಪಾಯದವು, ಮತ್ತು ನಮ್ಮ ನಾಲ್ಕು ತಾಲೂಕುಗಳ ಹೆಸರುಗಳಲ್ಲೇ ಅವು ಇವೆ. ‘ಇಂಡಿ’ಯಲ್ಲೂ ‘ಸಿಂದಗಿ’ಯಲ್ಲೂ ಅನುಸ್ವಾರವಿದೆ. ಕನ್ನಡದ ಸೊನ್ನೆ ಅಂಕಿ ಅನುಸ್ವಾರದಂತೆಯೇ ಕಾಣುತ್ತದೆ. ಟೈಪ್ ಮಾಡುವವರು ಒಂದರ ಬದಲು ಇನ್ನೊಂದನ್ನು ಒತ್ತುವುದು ಬಹಳ ಸಾಮಾನ್ಯ. ‘ಇಂಡಿ’ ಮತ್ತು ‘ಇ೦ಡಿ’ ಎರಡನ್ನೂ ಪೈಥಾನ್ ಸರಿಯಾದ ಹೆಸರುಗಳೆಂದೇ ಒಪ್ಪುತ್ತದೆ, ಏಕೆಂದರೆ ಹೆಸರಿನ ನಡುವೆ ಅಂಕಿ ಬರಬಹುದು. ಆದರೆ ಅವು ಎರಡು ಬೇರೆ ವೇರಿಯಬಲ್‌ಗಳು. ಇಂಗ್ಲಿಷಿನ ಚಿಕ್ಕ ಎಲ್, ದೊಡ್ಡ ಓ, ದೊಡ್ಡ ಐ ಅಕ್ಷರಗಳನ್ನು ಒಂಟಿ ಹೆಸರಾಗಿ ಬಳಸಬಾರದೆಂದು ಪೆಪ್ 8 ಹೇಳುವುದೂ ಅವು ಅಂಕಿಗಳಂತೆ ಕಾಣುವುದರಿಂದಲೇ.

‘ಮುದ್ದೇಬಿಹಾಳ’ ಮತ್ತು ‘ಬಾಗೇವಾಡಿ’ಯಲ್ಲಿ ದೀರ್ಘ ಏಕಾರವಿದೆ. ಯೂನಿಕೋಡ್‌ನಲ್ಲಿ ಇದನ್ನು ಒಂದೇ ಚಿಹ್ನೆಯಾಗಿಯೂ, ಹ್ರಸ್ವ ಎಕಾರ ಮತ್ತು ದೀರ್ಘ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ‘ಬಾಗೇವಾಡಿ’ಯ ಉದ್ದ 8, ಎರಡನೆಯದರಲ್ಲಿ 9. ಕೋಡಿನೊಳಗಿನ ಹೆಸರುಗಳನ್ನು ಪೈಥಾನ್ ಎನ್‌ಎಫ್‌ಕೆಸಿ ಎಂಬ ಕ್ರಮದಿಂದ ಒಂದೇ ರೂಪಕ್ಕೆ ತರುತ್ತದೆ, ಹಾಗಾಗಿ ಅಲ್ಲಿ ತೊಂದರೆಯಿಲ್ಲ. ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್‌ಗಳನ್ನು ಅದು ಮುಟ್ಟುವುದಿಲ್ಲ. ಡಿಕ್ಷನರಿಯ ಕೀಲಿಯಾಗಿ ಒಂದು ರೂಪ, ಫೈಲಿನಿಂದ ಬಂದದ್ದು ಇನ್ನೊಂದು ರೂಪ ಆದರೆ ‘ಬಾಗೇವಾಡಿ ಇಲ್ಲ’ ಎಂಬ ಉತ್ತರ ಬರುತ್ತದೆ. ಪರದೆಯಲ್ಲಿ ಎರಡೂ ಒಂದೇ. ಹೊರಗಿನಿಂದ ಬರುವ ಪಠ್ಯವನ್ನು ಒಳಬಿಡುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ ಮೂಲಕ ಹಾಯಿಸುವುದು ಇದಕ್ಕೆ ಪರಿಹಾರ. ಅನುಸ್ವಾರ ಮತ್ತು ಸೊನ್ನೆಯ ಗೊಂದಲ ಮಾತ್ರ ಇದರಿಂದ ಹೋಗದು, ಅದಕ್ಕೆ ಪ್ರತ್ಯೇಕ ತಪಾಸಣೆಯನ್ನೇ ಬರೆಯಬೇಕು.

‘ಆರ್‌ಟಿಸಿ’ ಎಂದು ಬರೆಯುವಾಗ ರಕಾರ ಒತ್ತಕ್ಷರವಾಗದಂತೆ ನಡುವೆ ಕಾಣದ ಒಂದು ಅಕ್ಷರವನ್ನು, ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನು, ಇಡುತ್ತೇವೆ. ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪದೆ ಇಡೀ ಸಾಲನ್ನೇ ನಿರಾಕರಿಸುತ್ತದೆ. ‘ಆರ್_ಟಿ_ಸಿ’ ಎಂದು ಬರೆದರೆ ಅಂಡರ್‌ಸ್ಕೋರೇ ಆ ಕೆಲಸ ಮಾಡುತ್ತದೆ, ಕೋಡೂ ನಡೆಯುತ್ತದೆ.

ಹಾಗಾದರೆ ಕನ್ನಡ ಲಿಪಿಯಲ್ಲಿ ಬರೆಯಬೇಕೇ? ಸ್ಟ್ಯಾಂಡರ್ಡ್ ಲೈಬ್ರರಿಗೆ ಆಸ್ಕಿ ಕಡ್ಡಾಯ. ಕಾಮೆಂಟುಗಳ ವಿಷಯದಲ್ಲಿ ಪೆಪ್ 8, ನಿಮ್ಮ ಭಾಷೆ ಬಾರದವರು ಈ ಕೋಡನ್ನು ಎಂದಿಗೂ ಓದುವುದಿಲ್ಲವೆಂದು ಶೇ. 120ರಷ್ಟು ಖಾತ್ರಿಯಿದ್ದರೆ ಮಾತ್ರ ಇಂಗ್ಲಿಷ್ ಬಿಡಿ ಎನ್ನುತ್ತದೆ. ಕಲಿಯುವವರಿಗೆ, ಶಾಲೆಯ ಪ್ರಾಜೆಕ್ಟುಗಳಿಗೆ ಕನ್ನಡದ ಹೆಸರುಗಳು ನಿಜಕ್ಕೂ ಉಪಯುಕ್ತ: ಹೊಸ ಭಾಷೆ ಮತ್ತು ಹೊಸ ಪ್ರೋಗ್ರಾಮಿಂಗ್ ಎರಡನ್ನೂ ಒಟ್ಟಿಗೆ ಹೊರಬೇಕಾಗಿಲ್ಲ. ಬೇರೆ ರಾಜ್ಯದವರೂ ಕೆಲಸ ಮಾಡುವ ತಂಡದಲ್ಲಿ ರೋಮನ್ ಲಿಪಿ ಅನಿವಾರ್ಯ. ಅಲ್ಲಿ ಸಾಮಾನ್ಯ ಪದಗಳು ಇಂಗ್ಲಿಷಿನಲ್ಲಿದ್ದು, ಉತಾರ, ಹಿಸ್ಸಾ, ಬೋಜಾದಂಥ ಕಂದಾಯದ ಪದಗಳು ರೋಮನ್ ಅಕ್ಷರದ ಕನ್ನಡವಾಗಿರುವುದು ಒಳ್ಳೆಯ ಮಧ್ಯಮಾರ್ಗ. ಆದರೆ ರೋಮನ್ನಿನಲ್ಲಿ ಲ ಮತ್ತು ಳ ಒಂದೇ ಆಗುತ್ತವೆ. ಕಾಲು ಎಕರೆಯೋ, ಒಂದು ಚೀಲ ಕಾಳೋ ತಿಳಿಯದು. ಪ್ರಾಜೆಕ್ಟಿನಲ್ಲಿ ಒಂದು ಪದಪಟ್ಟಿ ಇಟ್ಟು, ಪ್ರತಿ ಪದದ ಕಾಗುಣಿತವನ್ನು ಒಮ್ಮೆ ತೀರ್ಮಾನಿಸಿ, ಅರ್ಥವನ್ನು ಕನ್ನಡ ಲಿಪಿಯಲ್ಲಿ ಪಕ್ಕಕ್ಕೆ ಬರೆದಿಡಬೇಕು.

ತಪಾಸಣೆ ಮತ್ತು ಬದಲಾವಣೆ

ಪೈಲಿಂಟ್ ಹೆಸರಿನ ರೂಪವನ್ನು ತಾನಾಗಿ ಪರಿಶೀಲಿಸುತ್ತದೆ; ಫ್ಲೇಕ್8, ರಫ್ ಮುಂತಾದ ಸಾಧನಗಳೂ ತಕ್ಕ ಪ್ಲಗಿನ್ ಅಥವಾ ನಿಯಮ ಸೇರಿಸಿದರೆ ಅದೇ ಕೆಲಸ ಮಾಡುತ್ತವೆ. ಆಸ್ಕಿಯಲ್ಲದ ಹೆಸರು ಕಂಡರೆ ಪೈಲಿಂಟ್ ಎಚ್ಚರಿಸುತ್ತದೆ. ಕನ್ನಡದಲ್ಲಿ ಬರೆಯುವವರು ಆ ನಿಯಮವನ್ನು ನಿಲ್ಲಿಸಿಕೊಳ್ಳಬೇಕು. ಬ್ಲಾಕ್ ಎಂಬ ಸಾಧನ ಸಾಲುಗಳ ಜೋಡಣೆಯನ್ನಷ್ಟೇ ಸರಿಪಡಿಸುತ್ತದೆ, ಹೆಸರಿಗೆ ಕೈಹಾಕುವುದಿಲ್ಲ. ‘ವಿಸ್ತೀರ್ಣ’ದಲ್ಲಿ ಗುಂಟೆ ಇದೆಯೋ ಎಕರೆ ಇದೆಯೋ ಎಂಬುದನ್ನು ಇವುಗಳಲ್ಲಿ ಯಾವುದೂ ಹೇಳಲಾರದು. ಅದನ್ನು ಹಿಡಿಯಬಲ್ಲವರು ಕೋಡ್ ಪರಿಶೀಲಿಸುವ ಸಹೋದ್ಯೋಗಿಗಳು, ಅದರಲ್ಲೂ ಉತಾರ ಓದಲು ಬಲ್ಲವರು.

ಬಳಕೆಯಲ್ಲಿರುವ ಹೆಸರನ್ನು ಒಂದೇ ದಿನದಲ್ಲಿ ಬದಲಿಸುವಂತಿಲ್ಲ, ಅದನ್ನು ನಂಬಿದ ಬೇರೆ ಪ್ರೋಗ್ರಾಂಗಳು ಮುರಿದುಬೀಳುತ್ತವೆ. ಸ್ಟ್ಯಾಂಡರ್ಡ್ ಲೈಬ್ರರಿಯ ಥ್ರೆಡಿಂಗ್ ಮಾಡ್ಯೂಲ್ ಇದಕ್ಕೆ ಮಾದರಿ. ಅದರ ಜಾವಾ ರೂಪದ ಹೆಸರುಗಳಿಗೆ ಸ್ನೇಕ್ ಕೇಸ್ ರೂಪಗಳನ್ನು ಕೊಟ್ಟು ಎರಡನ್ನೂ ವರ್ಷಗಟ್ಟಲೆ ಜೊತೆಯಾಗಿ ನಡೆಸಿ, 2021ರ ಪೈಥಾನ್ 3.10ರಲ್ಲಿ ಹಳೆಯವನ್ನು ಬಳಸಿದರೆ ಎಚ್ಚರಿಕೆ ಬರುವಂತೆ ಮಾಡಲಾಯಿತು. ‘ಕಾಲಂ_11’ ಅನ್ನು ‘ಬೋಜಾಗಳು’ ಎಂದು ಬದಲಿಸುವವರೂ ಹೀಗೆಯೇ ಮಾಡಬಹುದು: ಹಳೆಯ ಹೆಸರನ್ನು ಪ್ರಾಪರ್ಟಿಯಾಗಿ ಉಳಿಸಿ, ಅದು ಹೊಸ ಆಟ್ರಿಬ್ಯೂಟನ್ನೇ ಹಿಂತಿರುಗಿಸುವಂತೆ ಬರೆದು, ಡೆಪ್ರಿಕೇಶನ್ ವಾರ್ನಿಂಗ್ ಕೊಡುವುದು. ಮೆಥಡ್ ಮತ್ತು ಕ್ಲಾಸ್‌ಗಳಿಗೆ ಈ ಎಚ್ಚರಿಕೆ ಹಾಕಲು ಪೈಥಾನ್ 3.13ರ ವಾರ್ನಿಂಗ್ಸ್ ಮಾಡ್ಯೂಲಿನಲ್ಲಿ ಸಿದ್ಧ ಡೆಕೊರೇಟರ್ ಇದೆ. ಎಚ್ಚರಿಕೆಯ ಸಂದೇಶದಲ್ಲಿ ಹೊಸ ಹೆಸರು ಯಾವುದು, ಹಳೆಯದು ಯಾವ ಆವೃತ್ತಿಯಲ್ಲಿ ಹೋಗುತ್ತದೆ ಎಂಬ ಎರಡೂ ವಿವರ ಇರಬೇಕು.